ಸಕ್ಕರೆ ಕಾಯಿಲೆಯೂ ಹಣ್ಣಿನ ತಟ್ಟೆಯೂ



ನಾಡಹಬ್ಬದ ವೇದಿಕೆಯಲ್ಲಿ ನಾಡು, ನುಡಿ, ಸಂಸ್ಕೃತಿಗಳನ್ನು ಕುರಿತು ಮಾತನಾಡುವುದು ವಾಡಿಕೆ. ಆ ಕೆಲಸವನ್ನು ಬಲ್ಲವರು ನಮಗಿಂತ ಚೆನ್ನಾಗಿ ಮಾಡುತ್ತ ಬಂದಿದ್ದಾರೆ. ನಾವು ಆರಿಸಿಕೊಂಡ ವಿಷಯ ಅಷ್ಟು ಎತ್ತರದ್ದಲ್ಲ, ಅಡಿಗೆಮನೆಯದು. ಸಕ್ಕರೆ ಕಾಯಿಲೆ ಇರುವವರು ಹಣ್ಣು ತಿನ್ನಬಹುದೆ? ತಿನ್ನುವುದಾದರೆ ಯಾವುದನ್ನು, ಎಷ್ಟು, ಹೇಗೆ? ಇಷ್ಟೇ ನಮ್ಮ ವಿಷಯ. ನಾವು ವೈದ್ಯರಲ್ಲ, ಬ್ಯಾಂಕಿನಲ್ಲಿ ಕುಳಿತು ಜಮಾ ಖರ್ಚು ನೋಡುವವರು. ಆದರೆ ಈ ವಿಷಯದಲ್ಲಿ ಅರ್ಧಪಾಲು ಲೆಕ್ಕವೇ ಆಗಿರುವುದರಿಂದ ನಾಲ್ಕು ಮಾತು ಹೇಳುವ ಧೈರ್ಯ ಮಾಡಿದ್ದೇವೆ. ಉಳಿದ ಅರ್ಧವನ್ನು ವೈದ್ಯರ ಬಾಯಿಂದಲೇ ಕೇಳಬೇಕು.

ಹಣ್ಣಿಗೂ ನಮಗೂ ಇರುವ ನಂಟು ಹೊಟ್ಟೆಯದು ಮಾತ್ರವಲ್ಲ. ಮನೆಗೆ ಬಂದ ಮುತ್ತೈದೆಗೆ ಫಲತಾಂಬೂಲ ಕೊಡುತ್ತೇವೆ. ಆಸ್ಪತ್ರೆಯಲ್ಲಿರುವವರನ್ನು ನೋಡಲು ಹೋಗುವಾಗ ಕೈಯಲ್ಲಿ ಹಣ್ಣಿನ ಚೀಲ ಹಿಡಿಯುತ್ತೇವೆ. ಊರಿನಿಂದ ಬಂದವರು ಹಲಸನ್ನೋ, ಬಾಳೆಗೊನೆಯನ್ನೋ, ಮಾಂಬಳವನ್ನೋ ತಂದರೆ ಊರೇ ವಿಠ್ಠಲವಾಡಿಗೆ ಇಳಿದು ಬಂದಂತೆ ಸಂತೋಷಪಡುತ್ತೇವೆ. ನಂಜನಗೂಡಿನ ರಸಬಾಳೆ, ಕಮಲಾಪುರದ ಕೆಂಪುಬಾಳೆ, ದೇವನಹಳ್ಳಿಯ ಚಕ್ಕೋತ ಇವು ಮೂರೂ ಸರ್ಕಾರದ ಭೌಗೋಳಿಕ ಗುರುತನ್ನು ಪಡೆದಿರುವ ಕನ್ನಡ ನಾಡಿನ ಹಣ್ಣುಗಳು. ಇಲ್ಲಿ ಕೊಂಕಣದ ಹಾಪುಸ್ ಬಂದಾಗ, ಇದನ್ನೇ ನಮ್ಮಲ್ಲಿ ಮೈಸೂರು ಕಡೆ ಬಾದಾಮಿ ಎನ್ನುತ್ತಾರೆ, ಧಾರವಾಡದ ಕಡೆ ಆಪೂಸು ಎನ್ನುತ್ತಾರೆ ಎಂದು ಮಕ್ಕಳಿಗೆ ಹೇಳದ ಕನ್ನಡಿಗನುಂಟೆ?

ಹೀಗಿರುವಲ್ಲಿ ಮನೆಯ ಹಿರಿಯರೊಬ್ಬರಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ದಿನದಿಂದ ಆ ಮನೆಯಲ್ಲಿ ಮೊದಲು ನಿಷೇಧಕ್ಕೆ ಒಳಗಾಗುವುದು ಹಣ್ಣು. ಎಲ್ಲರ ತಟ್ಟೆಗೂ ಮಾವಿನ ಹೋಳು ಬೀಳುವಾಗ ಅವರ ತಟ್ಟೆ ಖಾಲಿ. ಕೆಲವರು ಸುಮ್ಮನೆ ಎದ್ದು ಹೋಗುತ್ತಾರೆ. ಕೆಲವರು ಯಾರೂ ಇಲ್ಲದಾಗ ಮೂರು ಹಣ್ಣು ಒಟ್ಟಿಗೆ ತಿಂದು ಮಾರನೆಯ ದಿನ ಪರೀಕ್ಷೆಗೆ ಹೋಗಲು ಹೆದರುತ್ತಾರೆ. ಈ ಎರಡೂ ಆರೋಗ್ಯದ ದಾರಿಗಳಲ್ಲ. ಆದುದರಿಂದಲೇ ಈ ಮಾತು ಅವಶ್ಯವೆಂದು ನಮಗೆ ತೋರಿತು.

ಕಾಯಿಲೆಯ ವಿಸ್ತಾರ ಎಷ್ಟೆಂಬುದನ್ನು ಮೊದಲು ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ದೇಶವ್ಯಾಪಿ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ, ಅಂದರೆ ವಯಸ್ಕರಲ್ಲಿ ನೂರಕ್ಕೆ 11.4 ಮಂದಿಗೆ, ಮಧುಮೇಹವಿದೆ. ಇನ್ನು 13.6 ಕೋಟಿ ಜನ ಅದರ ಹೊಸಿಲ ಮೇಲೆ ನಿಂತಿದ್ದಾರೆ. ಗೋವೆಯಲ್ಲಿ ನೂರಕ್ಕೆ 26.4, ಉತ್ತರ ಪ್ರದೇಶದಲ್ಲಿ 4.8, ಬದುಕಿನ ರೀತಿ ಬದಲಾದಂತೆ ಕಾಯಿಲೆಯೂ ಏರುತ್ತದೆ ಎಂಬುದಕ್ಕೆ ಇದು ಸಾಕು. ಬೆಳಗಾಗುವ ಮೊದಲೇ ಎದ್ದು ಲೋಕಲ್ ಹಿಡಿದು, ಹಗಲೆಲ್ಲ ಕುರ್ಚಿಯಲ್ಲಿ ಕುಳಿತು, ರಾತ್ರಿ ಹತ್ತಕ್ಕೆ ಅನ್ನ ಉಂಡು ಮಲಗುವ ನಾವು ಯಾವ ಕಡೆ ಇದ್ದೇವೆಂದು ಹೇಳಬೇಕಾದುದಿಲ್ಲ. ನಮ್ಮವರು ಹೆಚ್ಚು ದಪ್ಪಗಾಗದೆ ಇದ್ದರೂ ಈ ಕಾಯಿಲೆಗೆ ಬೇಗ ಸಿಕ್ಕುತ್ತಾರೆಂಬುದೂ ವೈದ್ಯರು ಕಂಡ ಮಾತು.

ಕಾಯಿಲೆ ಹೊಸದಲ್ಲ. ಚರಕ, ಸುಶ್ರುತರ ಗ್ರಂಥಗಳಲ್ಲಿ ಪ್ರಮೇಹ, ಮಧುಮೇಹಗಳ ವಿವರವಿದೆ. ಆದರೆ ನಂಬಬಹುದಾದ ಔಷಧ ದೊರೆತುದು ಇಪ್ಪತ್ತನೆಯ ಶತಮಾನದಲ್ಲಿ. 1921ರಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್, ಚಾರ್ಲ್ಸ್ ಬೆಸ್ಟ್ ಇವರ ಪ್ರಯೋಗಗಳಿಂದ ಇನ್ಸುಲಿನ್ ಕೈಗೆ ಬಂತು. 1922ರ ಜನವರಿಯಲ್ಲಿ ಮೊದಲ ರೋಗಿಗೆ ಅದನ್ನು ಕೊಟ್ಟರು. ಅದಕ್ಕೆ ಮುಂಚೆ ಅಮೆರಿಕದ ವೈದ್ಯರು ರೋಗಿಯನ್ನು ಬಹುಪಾಲು ಉಪವಾಸವಿಟ್ಟು ಕೆಲವು ದಿನ ಉಳಿಸುತ್ತಿದ್ದರು. ಸಿಹಿ ಎಂದರೆ ವಿಷ, ಹಣ್ಣು ಎಂದರೆ ಸಿಹಿ, ಆದುದರಿಂದ ಹಣ್ಣು ವಿಷ ಎಂಬ ತರ್ಕಕ್ಕೆ ಆ ಕಾಲದ ಭಯವೂ ಒಂದು ಕಾರಣವಿರಬೇಕು. ಔಷಧ ಬಂದು ನೂರು ವರ್ಷ ದಾಟಿತು. ಭಯ ಮಾತ್ರ ಹಾಗೆಯೇ ಉಳಿದಿದೆ.

ಈ ತರ್ಕದಲ್ಲಿ ತಪ್ಪೆಲ್ಲಿದೆ? ರಕ್ತದ ಸಕ್ಕರೆಯನ್ನು ಏರಿಸುವುದು ನಾಲಗೆಗೆ ಸಿಗುವ ಸಿಹಿಯಲ್ಲ. ನಾವು ತಿಂದ ಆಹಾರದಲ್ಲಿರುವ ಶರ್ಕರಪಿಷ್ಟ. ಎಂದರೆ ಸಕ್ಕರೆಯೂ ಹಿಟ್ಟಿನ ಅಂಶವೂ ಸೇರಿದ ಮೊತ್ತ. ಅನ್ನ ಸಿಹಿಯಲ್ಲ, ಆದರೂ ಹೊಟ್ಟೆಗೆ ಹೋದ ಮೇಲೆ ಸಕ್ಕರೆಯೇ ಆಗುತ್ತದೆ. 100 ಗ್ರಾಂ ಬೆಂದ ಅನ್ನದಲ್ಲಿ ಸುಮಾರು 28 ಗ್ರಾಂ ಶರ್ಕರಪಿಷ್ಟವಿದೆ. ಅಷ್ಟೇ ತೂಕದ ಪೇರಲದಲ್ಲಿ, ಹಳೆಯ ಮೈಸೂರಿನವರ ಸೀಬೆಯಲ್ಲಿ, 14 ಗ್ರಾಂ. ಅದರ ಜೊತೆಗೆ 5 ಗ್ರಾಂ ನಾರು. ಮಾವಿನಹಣ್ಣಿನಲ್ಲಿ 15 ಗ್ರಾಂ, ಪಪ್ಪಾಯಿಯಲ್ಲಿ 11, ಕಲ್ಲಂಗಡಿಯಲ್ಲಿ ಏಳೆಂಟು. ಬಟ್ಟಲು ತುಂಬ ಅನ್ನವನ್ನು ಎರಡು ಸಲ ಬಡಿಸಿಕೊಂಡು, ಒಂದು ಹೋಳು ಮಾವನ್ನು ಕಂಡು ಕೈ ಮುಗಿಯುವವರು ಲೆಕ್ಕದ ಪುಸ್ತಕದಲ್ಲಿ ರೂಪಾಯಿಗಳನ್ನು ಬಿಟ್ಟು ಪೈಸೆಗಳನ್ನು ಮಾತ್ರ ಕೂಡಿದಂತಾಯಿತು.

ಇನ್ನೆರಡು ಉದಾಹರಣೆ ಕೊಡುತ್ತೇವೆ. ಎರಡು ಚಮಚ ಸಕ್ಕರೆಯ ಚಹವನ್ನು ದಿನಕ್ಕೆ ಐದು ಬಾರಿ ಕುಡಿದರೆ ಹತ್ತು ಚಮಚ, ಅಂದರೆ 40ರಿಂದ 50 ಗ್ರಾಂ ಬರಿಯ ಸಕ್ಕರೆ. ಇದು ಎರಡು ದೊಡ್ಡ ಪೇರಲಕ್ಕೂ ಮೀರಿದ ಬಾಬತ್ತು. ನಾರು ಇಲ್ಲ, ಸತ್ವ ಇಲ್ಲ. ವಿಠ್ಠಲನ ಹೆಸರು ಹೊತ್ತ ಈ ಊರಿನಲ್ಲಿ ಆಷಾಢ ಏಕಾದಶಿ ಬಂದರೆ ಮನೆಮನೆಯಲ್ಲಿ ಸಾಬೂದಾಣೆ ಖಿಚಡಿ. ಒಣ ಸಾಬೂದಾಣೆ 100 ಗ್ರಾಮಿನಲ್ಲಿ 85 ಗ್ರಾಮಿಗೂ ಮೇಲ್ಪಟ್ಟು ಹಿಟ್ಟಿನ ಅಂಶವೇ. ಉಪವಾಸವೆಂಬ ಹೆಸರಿನಲ್ಲಿ ಅದನ್ನು ಹೊಟ್ಟೆತುಂಬ ತಿಂದು, ಫಲಾಹಾರದ ಫಲವನ್ನು ಮಾತ್ರ ಬಿಡುವುದು ಯಾವ ನ್ಯಾಯ?

ಇದು ನಮ್ಮ ಲೆಕ್ಕ ಮಾತ್ರವೆಂದು ತಳ್ಳಿಹಾಕಬೇಡಿ. ವಿದ್ವಾಂಸರು ಪರೀಕ್ಷಿಸಿ ನೋಡಿದ್ದಾರೆ. 2013ರಲ್ಲಿ ಡೆನ್ಮಾರ್ಕಿನಲ್ಲಿ ಹೊಸದಾಗಿ ಮಧುಮೇಹ ಕಂಡುಬಂದ 63 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ ಎರಡು ಹಣ್ಣಿಗಿಂತ ಹೆಚ್ಚು ಬೇಡವೆಂದೂ, ಇನ್ನೊಂದಕ್ಕೆ ಎರಡಕ್ಕೆ ಕಡಮೆಯಿಲ್ಲದಂತೆ ತಿನ್ನಿರೆಂದೂ ಹೇಳಿದರು. ಹನ್ನೆರಡು ವಾರಗಳಾದ ಮೇಲೆ ಮೂರು ತಿಂಗಳ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಎರಡು ಗುಂಪುಗಳಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. 2017ರಲ್ಲಿ ಚೀನಾದ ಸುಮಾರು ಐದು ಲಕ್ಷ ಜನರನ್ನು ಏಳು ವರ್ಷ ಗಮನಿಸಿದ ವರದಿ ಪ್ರಕಟವಾಯಿತು. ಅಲ್ಲಿಯೂ ಸಕ್ಕರೆ ಕಾಯಿಲೆಯವರು ನಮ್ಮವರಂತೆಯೇ ಹಣ್ಣನ್ನು ದೂರವಿಟ್ಟಿದ್ದರು. ಆದರೆ ಆ ರೋಗಿಗಳಲ್ಲಿ ವಾರಕ್ಕೆ ಮೂರು ದಿನಕ್ಕಿಂತ ಹೆಚ್ಚು ತಾಜಾ ಹಣ್ಣು ತಿಂದವರಿಗೆ, ಅಪರೂಪಕ್ಕೆ ತಿನ್ನುವವರಿಗಿಂತ ಸಾವಿನ ಸಂಭವ ನೂರಕ್ಕೆ 17ರಷ್ಟು ಕಡಮೆಯಾಗಿತ್ತು. ಹಣ್ಣು ತಿನ್ನುವವರ ಇತರ ಒಳ್ಳೆಯ ರೂಢಿಗಳೂ ಇದರಲ್ಲಿ ಸೇರಿರಬಹುದು, ನಿಜ. ಆದರೆ ಹಣ್ಣು ಕೊಲ್ಲುತ್ತದೆ ಎಂಬ ಮಾತು ಇದರ ಮುಂದೆ ನಿಲ್ಲಲಾರದು.

ನಮ್ಮ ದೇಶದ್ದೇ ಒಂದು ಉದಾಹರಣೆ ಉಂಟು. 2025ರಲ್ಲಿ ದೆಹಲಿಯ ಡಾ. ಅನೂಪ್ ಮಿಶ್ರ ಮತ್ತು ಸಂಗಡಿಗರು ಮಾವನ್ನೇ ಪರೀಕ್ಷೆಗೆ ಒಡ್ಡಿದರು. ಮಧುಮೇಹವಿದ್ದ 35 ಜನರಲ್ಲಿ ಒಂದು ಪಾಲಿಗೆ ಬೆಳಗಿನ ಬ್ರೆಡ್ಡಿನ ಬದಲು 250 ಗ್ರಾಂ ಮಾವನ್ನು ಎಂಟು ವಾರ ಕೊಟ್ಟರು. ಅವರ ಸಕ್ಕರೆ ಏರುವುದಿರಲಿ, ಸ್ವಲ್ಪ ಸುಧಾರಿಸಿತು. ಈ ಪ್ರಯೋಗ ಚಿಕ್ಕದು. ವೈದ್ಯರ ಕಣ್ಣೆದುರು, ಅಳತೆಯಿಟ್ಟು ನಡೆದುದು. ಇದನ್ನು ಕೇಳಿ ನಾಳೆಯೇ ಯಾರೂ ಹಾಪುಸಿನ ಪೆಟ್ಟಿಗೆ ಬಿಚ್ಚಿ ಕೂರಬಾರದು. ಆದರೆ ಇದರ ಸಾರವನ್ನು ಮನಸ್ಸಿಟ್ಟು ನೋಡಿ: ಮಾವು ಬಂದುದು ಬ್ರೆಡ್ಡಿನ *ಬದಲು*, ಬ್ರೆಡ್ಡಿನ *ಮೇಲೆ* ಅಲ್ಲ. ನಾವಿಂದು ಹೇಳುವ ಎಲ್ಲ ಮಾತಿನ ತಿರುಳು ಇದೇ. ಒಂದು ಬಾಬತ್ತನ್ನು ಖರ್ಚಿಗೆ ಸೇರಿಸಬೇಕಾದರೆ ಇನ್ನೊಂದನ್ನು ಅಷ್ಟೇ ಮಟ್ಟಿಗೆ ತೆಗೆಯಬೇಕು. ಸಂಜೆ ಅರ್ಧ ಮಾವು ತಿನ್ನಬೇಕೆ? ರಾತ್ರಿಯ ಒಂದು ಚಪಾತಿಯನ್ನು ಬಿಡಿ. ಆಮರಸವೂ ಬೇಕು, ಪೂರಿಯೂ ಬೇಕು, ಮೇಲೆ ಮೊಸರನ್ನವೂ ಬೇಕು ಎಂದರೆ ಖಾತೆ ತೂಗುವುದಿಲ್ಲ.

ಇನ್ನು ಅಳತೆಗೆ ಬರೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ಸಾಮಾನ್ಯ ಜನರಿಗೇ ಹೇಳುವುದು ದಿನಕ್ಕೆ ಸುಮಾರು 100 ಗ್ರಾಂ ಹಣ್ಣು, 400 ಗ್ರಾಂ ತರಕಾರಿ. ಸಕ್ಕರೆ ಕಾಯಿಲೆಯವರಿಗೂ ಆರಂಭಕ್ಕೆ ಇದು ಒಳ್ಳೆಯ ಅಳತೆ. ಒಂದು ಸಲಕ್ಕೆ 15 ಗ್ರಾಂ ಶರ್ಕರಪಿಷ್ಟ ಎಂಬುದು ಪಥ್ಯ ಹೇಳುವವರ ವಾಡಿಕೆಯ ಪಾಲು. ಅದಕ್ಕೆ ಏನೇನು ಬರುತ್ತದೆ? ಮಧ್ಯಮ ಗಾತ್ರದ ಒಂದು ಪೇರಲ. ಒಂದು ಸಣ್ಣ ಸೇಬು. ಒಂದು ಕಿತ್ತಳೆ ಅಥವಾ ಮೂಸಂಬಿ. ಒಂದು ಬಟ್ಟಲು ಪಪ್ಪಾಯಿ ಹೋಳು. ಒಂದು ಬಟ್ಟಲಿಗೆ ತುಸು ಹೆಚ್ಚು ಕಲ್ಲಂಗಡಿ. ಮಧ್ಯಮ ಹಾಪುಸಿನ ಅರ್ಧ. ಇಲ್ಲಿಯವರು ವೆಲಚಿ ಎನ್ನುವ, ನಮ್ಮ ಏಲಕ್ಕಿ ಬಾಳೆಯಾದರೆ ಒಂದು. ದೊಡ್ಡ ಹಸಿರು ಬಾಳೆಯಾದರೆ ಅರ್ಧ. ದ್ರಾಕ್ಷಿ ಹದಿನೈದು ಬಿಡಿ ಹಣ್ಣು, ಗೊಂಚಲಲ್ಲ. ಚಿಕ್ಕು ಒಂದು ಸಣ್ಣದು. ಹಲಸು, ಸೀತಾಫಲಗಳಲ್ಲಿ 100 ಗ್ರಾಮಿಗೆ 23 ಗ್ರಾಮಿನಷ್ಟು ಇರುವುದರಿಂದ ಹಲಸಿನ ತೊಳೆ ಎರಡು ಮೂರು, ಸೀತಾಫಲ ಅರ್ಧ. ಖರ್ಜೂರ, ಒಣದ್ರಾಕ್ಷಿ, ಮಾಂಬಳಗಳಲ್ಲಿ ನೀರು ಆರಿ ಸಕ್ಕರೆ ಉಳಿದಿರುತ್ತದೆ. ಅವು ಬೆರಳ ತುದಿಯಷ್ಟೇ ಸಾಕು.

ಕಲ್ಲಂಗಡಿಯ ವಿಚಾರದಲ್ಲಿ ಒಂದು ಗೊಂದಲವಿದೆ. 1981ರಲ್ಲಿ ಟೊರಾಂಟೋದ ಡೇವಿಡ್ ಜೆಂಕಿನ್ಸ್ ಎಂಬವರು ಯಾವ ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಬೇಗ ಏರಿಸುತ್ತದೆಂದು ಅಳೆಯುವ ಗ್ಲೈಸಿಮಿಕ್ ಸೂಚ್ಯಂಕವನ್ನು ರೂಪಿಸಿದರು. ಅದರಲ್ಲಿ ಕಲ್ಲಂಗಡಿಯ ಅಂಕ ಎತ್ತರವಾಗಿದೆ. ಅದನ್ನು ಓದಿ ಕೆಲವರು ಅದನ್ನು ಮುಟ್ಟುವುದಿಲ್ಲ. ಆದರೆ ಆ ಹಣ್ಣಿನಲ್ಲಿ ಹೆಚ್ಚು ಭಾಗ ನೀರು. ಒಂದು ಬಟ್ಟಲಿನಲ್ಲಿರುವ ಸಕ್ಕರೆಯ ಮೊತ್ತವೇ ಕಡಮೆ. ಬಡ್ಡಿಯ ದರ ಹೆಚ್ಚಾದರೂ ಅಸಲು ಚಿಕ್ಕದಾದರೆ ಬಡ್ಡಿಯ ಮೊತ್ತ ಎಷ್ಟಾದೀತು? ಅಸಲು ದೊಡ್ಡದಾದರೆ, ಎಂದರೆ ಅರ್ಧ ಹಣ್ಣನ್ನೇ ಕೂತು ಮುಗಿಸಿದರೆ, ಮಾತು ಬೇರೆ.

ತಿನ್ನುವ ರೀತಿಯೂ ಮುಖ್ಯ. ಹಣ್ಣನ್ನು ಹಣ್ಣಾಗಿಯೇ ಅಗಿದು ತಿನ್ನಬೇಕು, ರಸ ಹಿಂಡಬಾರದು. ಒಂದು ಲೋಟ ಮೂಸಂಬಿ ರಸಕ್ಕೆ ಮೂರು ನಾಲ್ಕು ಹಣ್ಣು ಬೇಕು. ನಾರು ಚರಟವಾಗಿ ಹೊರಗೆ ಬೀಳುತ್ತದೆ, ಸಕ್ಕರೆ ಲೋಟದೊಳಗೆ ಉಳಿದು ನಿಮಿಷಗಳಲ್ಲಿ ರಕ್ತಕ್ಕೆ ಸೇರುತ್ತದೆ. 2013ರಲ್ಲಿ ಅಮೆರಿಕದ 1,87,000ಕ್ಕೂ ಹೆಚ್ಚು ಜನರ ಮಾಹಿತಿಯನ್ನು ನೋಡಿದವರು, ಇಡೀ ಹಣ್ಣು ತಿನ್ನುವವರಲ್ಲಿ, ಅದರಲ್ಲೂ ದ್ರಾಕ್ಷಿ, ಸೇಬು ಮುಂತಾದವನ್ನು ತಿನ್ನುವವರಲ್ಲಿ, ಮಧುಮೇಹ ಬರುವ ಸಂಭವ ಕಡಮೆಯೆಂದೂ, ಹಣ್ಣಿನ ರಸ ಕುಡಿಯುವವರಲ್ಲಿ ಹೆಚ್ಚೆಂದೂ ಕಂಡರು. ನಮ್ಮ ಸೀಕರಣೆ, ರಸಾಯನ, ಇಲ್ಲಿಯ ಆಮರಸ ಇವುಗಳಲ್ಲಿ ಹಣ್ಣಿಗಿಂತ ಹೆಚ್ಚು ಭಯಪಡಬೇಕಾದುದು ಅದಕ್ಕೆ ಸುರಿಯುವ ಸಕ್ಕರೆ ಬೆಲ್ಲಗಳಿಗೆ. ಕಬ್ಬಿನ ಹಾಲಿನ ಮಾತು ಎತ್ತುವುದೇ ಬೇಡ. ತೀರ ಕಳಿತ ಬಾಳೆಗಿಂತ ಹದವಾಗಿ ಹಣ್ಣಾದ ಬಾಳೆ ಲೇಸು. ಊಟ ಮುಗಿದೊಡನೆ ಮೇಲೋಗರವೆಂಬಂತೆ ಹಣ್ಣು ತಿನ್ನುವ ಬದಲು ಊಟ ಊಟಗಳ ನಡುವೆ, ನಾಲ್ಕು ಶೇಂಗಾ ಬೀಜದ ಜೊತೆಗೆ ತಿಂದರೆ ಸಕ್ಕರೆ ನಿಧಾನವಾಗಿ ಏರುತ್ತದೆ. ನಿಲ್ದಾಣದ ಹೊರಗೆ ಕೊಯ್ದಿಟ್ಟ ಹಣ್ಣಿಗಿಂತ ಕೊಂಡು ತಂದು ಮನೆಯಲ್ಲಿ ತೊಳೆದು ಕೊಯ್ದ ಹಣ್ಣು ಮೇಲು. ಸಕ್ಕರೆ ಕಾಯಿಲೆಯವರಿಗೆ ಸೋಂಕು ತಗುಲಿದರೆ ಬೇಗ ಬಿಡುವುದಿಲ್ಲ.

ಎಲ್ಲರ ಮೈ ಒಂದೇ ಅಲ್ಲ. ಒಬ್ಬರಿಗೆ ಒಗ್ಗಿದ ಅರ್ಧ ಮಾವು ಇನ್ನೊಬ್ಬರಿಗೆ ಒಗ್ಗದಿರಬಹುದು. ಇದನ್ನು ತಿಳಿಯುವ ಉಪಾಯ ಈಗ ಮನೆಯಲ್ಲಿಯೇ ಇದೆ. ಬೆರಳಿನ ಹನಿ ರಕ್ತದಿಂದ ಸಕ್ಕರೆ ಅಳೆಯುವ ಯಂತ್ರದಿಂದ ಹಣ್ಣು ತಿನ್ನುವ ಮೊದಲು ಒಮ್ಮೆ, ಎರಡು ಗಂಟೆಯ ಮೇಲೆ ಒಮ್ಮೆ ನೋಡಿ. ಸಾಮಾನ್ಯವಾಗಿ ತಿಂದ ಮೇಲಿನ ಅಂಕ 180ರ ಒಳಗೆ ಇರಬೇಕೆನ್ನುತ್ತಾರೆ. ನಿಮಗೆ ಎಷ್ಟು ಎಂಬುದನ್ನು ನಿಮ್ಮ ವೈದ್ಯರು ಗೊತ್ತುಮಾಡಲಿ. ಒಂದು ಪುಸ್ತಕದಲ್ಲಿ ದಿನ, ಹಣ್ಣು, ಅಳತೆ, ಎರಡು ಅಂಕ ಬರೆದಿಡಿ. ಒಂದು ತಿಂಗಳಲ್ಲಿ ಯಾವ ಹಣ್ಣು ನಿಮ್ಮ ಸ್ನೇಹಿತ, ಯಾವುದು ಸಾಲಗಾರ ಎಂಬುದು ನಿಮಗೇ ತಿಳಿಯುತ್ತದೆ. ಆ ಪುಸ್ತಕವನ್ನು ನೋಡಿದ ವೈದ್ಯರಿಗೂ ಸಂತೋಷವಾಗುತ್ತದೆ.

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತುಗಳನ್ನು ಹೇಳದಿದ್ದರೆ ಅಪಚಾರವಾಗುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ಬಾಳೆ, ಕಿತ್ತಳೆ, ಎಳನೀರು ಮುಂತಾದವನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಅವುಗಳಲ್ಲಿರುವ ಪೊಟ್ಯಾಸಿಯಂ ಅವರಿಗೆ ಅಪಾಯಕರ. ಚಕ್ಕೋತದ ವಂಶದ ಗ್ರೇಪ್‌ಫ್ರೂಟ್ ಹಣ್ಣು ಕೊಲೆಸ್ಟರಾಲಿನ ಕೆಲವು ಮಾತ್ರೆಗಳಿಗೆ ಹೊಂದುವುದಿಲ್ಲ. ಆ ಮಾತ್ರೆ ನುಂಗುವವರು ಚಕ್ಕೋತದ ವಿಷಯವನ್ನೂ ಕೇಳಿಕೊಳ್ಳಲಿ. ಬಸುರಿಯಲ್ಲಿ ಸಕ್ಕರೆ ಏರಿದ ಹೆಣ್ಣುಮಕ್ಕಳ ಪಥ್ಯವೇ ಬೇರೆ. ಬದಲಾಪುರದ ಕಡೆಯಿಂದ ಬರುವ ನೇರಳೆ ಬಲು ಒಳ್ಳೆಯ ಹಣ್ಣು, ತಿನ್ನಿ. ಆದರೆ ಅದರ ಬೀಜದ ಪುಡಿಯನ್ನು ನಂಬಿ ಮಾತ್ರೆಯನ್ನೋ ಇನ್ಸುಲಿನ್ನನ್ನೋ ಬಿಡಬೇಡಿ. ಹಾಗೆ ಬಿಟ್ಟವರ ಕಣ್ಣು, ಕಾಲು, ಮೂತ್ರಪಿಂಡಗಳು ಸದ್ದಿಲ್ಲದೆ ಕೆಡುತ್ತವೆ. ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ.

ಇನ್ನೊಂದು ಮಾತು ಲೋಕಲ್‌ನಲ್ಲಿ ಓಡಾಡುವವರಿಗೆ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಹೊತ್ತಿಗೆ ಊಟ ಮಾಡದಿದ್ದರೆ ಸಕ್ಕರೆ 70ಕ್ಕಿಂತ ಕೆಳಗೆ ಇಳಿಯಬಹುದು. ನಡುಕ, ಬೆವರು, ಎದೆಬಡಿತ, ಕಣ್ಣುಕತ್ತಲೆ ಇದರ ಗುರುತು. ಗಾಡಿ ನಡುದಾರಿಯಲ್ಲಿ ನಿಂತಾಗ ಇದು ಬಂದರೆ? ಆಗ ಮಾತ್ರ ಎಲ್ಲ ನಿಯಮವೂ ತಲೆಕೆಳಗು. ಮೂರು ಚಮಚ ಸಕ್ಕರೆ, ಅಥವಾ ಅಷ್ಟೇ ಗ್ಲೂಕೋಸ್ ಪುಡಿ, ಅಥವಾ ಅರ್ಧ ಲೋಟ ಹಣ್ಣಿನ ರಸ ತಕ್ಷಣ ತೆಗೆದುಕೊಳ್ಳಬೇಕು. ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ. ಆದುದರಿಂದ ಚೀಲದಲ್ಲಿ ಒಂದು ಪೊಟ್ಟಣ ಸಕ್ಕರೆ ಸದಾ ಇರಲಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಸೇರಿಸಬೇಕು.

ಕೊನೆಯದಾಗಿ ಮನೆಯವರಲ್ಲಿ ನಮ್ಮದೊಂದು ವಿನಂತಿ. ರೋಗಿಯ ತಟ್ಟೆಗೆ ಕಾವಲು ಕೂರುವುದು ಪ್ರೀತಿಯಲ್ಲ. ಬಯ್ದು ತಪ್ಪಿಸಿದ ಹಣ್ಣನ್ನು ಕದ್ದು ತಿನ್ನುವಂತಾಗುತ್ತದೆ. ಅಳೆದು ಕೊಟ್ಟ ಹಣ್ಣನ್ನು ತೃಪ್ತಿಯಿಂದ ತಿನ್ನುತ್ತಾರೆ. ಅಪ್ಪನಿಗೆ ಎರಡು ಹೋಳು ಕೊಡಿ, ಎಲ್ಲರ ಜೊತೆಗೆ ಕೂರಿಸಿ ಕೊಡಿ. ಮನೆಯ ತಾಯಿಗೇ ಕಾಯಿಲೆ ಇದ್ದರೆ ಅವರನ್ನು ಕೇಳುವವರು ಯಾರು? ಎಲ್ಲರೂ ಉಂಡ ಮೇಲೆ ಉಳಿದ ಅನ್ನವನ್ನು ಚೆಲ್ಲಬಾರದೆಂದು ತಾವೇ ಉಂಡು, ಹಣ್ಣನ್ನು ಮಕ್ಕಳಿಗೆ ಎತ್ತಿಡುವವರು ಅವರು. ಅವರ ಲೆಕ್ಕದಲ್ಲಿ ಅನ್ನ ಜಾಸ್ತಿ, ಹಣ್ಣು ಸೊನ್ನೆ. ಇದನ್ನು ತಿದ್ದುವ ಹೊಣೆ ಗಂಡಸರದು, ಬೆಳೆದ ಮಕ್ಕಳದು.

ಸಂಘಕ್ಕೂ ಒಂದು ಸೂಚನೆ. ನಮ್ಮ ಸಮಾರಂಭಗಳಲ್ಲಿ ಪೇಢೆ, ಜಿಲೇಬಿಗಳ ಪಕ್ಕದಲ್ಲಿ ಒಂದು ತಟ್ಟೆ ಪೇರಲ, ಪಪ್ಪಾಯಿ ಹೋಳುಗಳೂ ಇರಲಿ. ಅರಿಸಿನ ಕುಂಕುಮಕ್ಕೆ ಫಲವನ್ನೇ ಕೊಡುವ ಹಳೆಯ ರೂಢಿಯನ್ನು ಬಿಡದಿರಲಿ. ಬ್ಯಾಂಟಿಂಗ್ ಅವರು ಹುಟ್ಟಿದ ನವೆಂಬರ್ 14ನ್ನು ಜಗತ್ತೆಲ್ಲ ಮಧುಮೇಹ ದಿನವೆಂದು ಆಚರಿಸುತ್ತದೆ. ಅದು ನಮ್ಮ ರಾಜ್ಯೋತ್ಸವಕ್ಕೆ ಎರಡೇ ವಾರದ ದೂರ. ಧ್ವಜವೇರಿಸಿದ ತಿಂಗಳಲ್ಲಿಯೇ ಪ್ರತಿ ಕನ್ನಡ ಮನೆಯಲ್ಲಿ ಮೂವತ್ತು ದಾಟಿದವರೆಲ್ಲ ಒಮ್ಮೆ ರಕ್ತಪರೀಕ್ಷೆ ಮಾಡಿಸಿಕೊಂಡರೆ, ಇದ್ದೂ ಗೊತ್ತಿಲ್ಲದ ಕಾಯಿಲೆ ಬೆಳಕಿಗೆ ಬರುತ್ತದೆ. ಊಟ ಬಲ್ಲವನಿಗೆ ರೋಗವಿಲ್ಲವೆಂದು ನಮ್ಮ ಹಿರಿಯರು ಹೇಳಿದರು. ರೋಗ ಬಂದವನೂ ಊಟ ಬಲ್ಲವನಾದರೆ ನೆಮ್ಮದಿಯಿಂದ ಬಾಳಬಹುದೆಂಬುದನ್ನು ಅದಕ್ಕೆ ಸೇರಿಸಲು ನಾವು ಅಪೇಕ್ಷಿಸುತ್ತೇವೆ.